ಮುದ್ದೆಮಾಲು ಹದಿನೇಳು

ಕಾಚಿಗುಡ, ಹೈದರಾಬಾದ್
3 ಜುಲೈ 2024

ಹಂಪಮ್ಮನವರಿಗೆ ಕುಮುದಾ ಮಾಡುವ ನಮಸ್ಕಾರಗಳು.

ನನ್ನ ಹೆಸರು ಕೇಳಿದ ಕೂಡಲೇ ಈ ಕಾಗದವನ್ನು ಹರಿದು ಹಾಕಬೇಡಿ. ಪೂರ್ತಿ ಓದಿಸಿಕೊಂಡು ಆಮೇಲೆ ಬೇಕಾದರೆ ಹರಿಯಿರಿ. ನಾನು ವಕೀಲ ಮಲ್ಲಿಕಾರ್ಜುನರಾಯರ ಮಗಳು. ನಮ್ಮ ಮನೆಯ ಮೇಲಿನ ಅಂತಸ್ತು ಕಟ್ಟುವಾಗ ನೀವು ಕೆಲಸಕ್ಕೆ ಬರುತ್ತಿದ್ದಿರಿ. ನಲವತ್ತೊಂದು ವರ್ಷವಾಯಿತು.

ನಿಮ್ಮ ಕೇಸು ನಡೆದ ಕೋರ್ಟು ಈಗ ಕೋರ್ಟಲ್ಲ. ಕಚೇರಿಗಳು ಹೊಸ ಕಟ್ಟಡಕ್ಕೆ ಹೋದ ಮೇಲೆ ಎಂಟು ವರ್ಷ ಬೀಗ ಬಿದ್ದಿತ್ತು. ಈಗ ಅದನ್ನು ಊರಿನ ಚರಿತ್ರೆಯ ಮ್ಯೂಸಿಯಂ ಮಾಡುತ್ತಿದ್ದಾರೆ. ನಾನು ಸರ್ಕಾರದಲ್ಲಿ ಅನುವಾದಕಿಯಾಗಿದ್ದು ನಿವೃತ್ತಳಾದವಳು. ಹಳೆಯ ಉರ್ದು ಕಾಗದ ಓದಲು ಬರುತ್ತದೆಂದು ನನ್ನನ್ನೂ ಸಮಿತಿಗೆ ಸೇರಿಸಿಕೊಂಡಿದ್ದಾರೆ.

ಕಳೆದ ತಿಂಗಳು ಮುದ್ದೆಮಾಲಿನ ಕೋಣೆಯ ಬೀಗ ಒಡೆಸಿದೆವು. ಪೊಲೀಸರು ಹಿಡಿದು ತಂದು ಕೋರ್ಟಿಗೆ ಒಪ್ಪಿಸಿದ ಸಾಮಾನು, ಕೇಸು ಮುಗಿದರೂ ಯಾರೂ ಒಯ್ಯದೆ ಉಳಿದದ್ದು, ಅಲ್ಲಿ ರಾಶಿ ಬಿದ್ದಿದೆ. ಕುಡುಗೋಲು, ಸೈಕಲ್ ಚೈನು, ಒಂದು ಹಾರ್ಮೋನಿಯಂ. ಅದರ ನಡುವೆ ಅರಗಿನ ಮುದ್ರೆ ಒತ್ತಿದ ಒಂದು ಬಟ್ಟೆಯ ಚೀಲ, ಚೀಟಿಯ ಮೇಲೆ ಹದಿನೇಳನೇ ನಂಬರು. ಒಳಗೆ ಸೊಂಟಕ್ಕೆ ಕಟ್ಟುವ ನಿಮ್ಮ ಬೆಳ್ಳಿಯ ಡಾಬು ಇತ್ತು.

ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ಸದ್ಯ ಬರೆದಿರುವ ಫಲಕ ಹೀಗಿದೆ: ‘ವಲಸೆ ಕೂಲಿ ಹೆಂಗಸಿನಿಂದ ವಶಪಡಿಸಿಕೊಂಡ ಕಳವಿನ ಮಾಲು, 1983.’ ಅದರ ಪಕ್ಕದಲ್ಲಿ ನಿಮ್ಮ ಮಾತೂ ಇರಬೇಕೆಂದು ನನ್ನ ಆಸೆ. ನೀವು ಒಪ್ಪಿದರೆ ಧ್ವನಿಮುದ್ರಣ ಮಾಡಿಕೊಳ್ಳುತ್ತೇವೆ.

ಗೋಡೆಗೆ ಸುಣ್ಣ ಹೊಡೆಯಲು ಬಂದವರಲ್ಲಿ ಒಬ್ಬರು ಕನ್ನಡ ಮಾತಾಡುತ್ತಿದ್ದರು. ಊರು ಕೇಳಿದೆ, ತಾಯಿಯ ಹೆಸರು ಕೇಳಿದೆ. ನಿಮ್ಮ ಮಗ ಹುಲಗೇಶ. ವಿಳಾಸ ಬರೆಸಿಕೊಂಡೆ, ಬೇರೇನೂ ಹೇಳಲಿಲ್ಲ. ನನ್ನ ಫೋನ್ ನಂಬರನ್ನು ಕೆಳಗೆ ಬರೆದಿದ್ದೇನೆ.

ಇತಿ,
ಕುಮುದಾ


ನಾಚಾರಂ
14 ಜುಲೈ 2024

ಕುಮುದಾಬಾಯಿಯವರಿಗೆ ಹಂಪಮ್ಮ ತಿಳಿಸುವುದು.

ಇತ್ತ ನಾವು ಕ್ಷೇಮ. ನಿಮ್ಮ ಕ್ಷೇಮ ಕೇಳುವ ಮನಸ್ಸು ಇನ್ನೂ ಬಂದಿಲ್ಲ.

ಫೋನು ಮಾಡುವುದಿಲ್ಲ. ಆ ಕೋರ್ಟಿನಲ್ಲಿ ನಾವು ಬಾಯಿಂದ ಹೇಳಿದ್ದು ಒಂದೂ ಉಳಿಯಲಿಲ್ಲ, ನಿಮ್ಮ ಅಪ್ಪ ಕಾಗದದಲ್ಲಿ ಬರೆದದ್ದು ಉಳಿಯಿತು. ಹಾಗಾಗಿ ನಾನೂ ಕಾಗದದಲ್ಲೇ ಹೇಳುತ್ತೇನೆ. ಬರೆಯುತ್ತಿರುವವಳು ಮೊಮ್ಮಗಳು ದಾನೇಶ್ವರಿ, ಹುಲಗೇಶನ ಮಗಳು. ಮಿಯಾಪುರದಲ್ಲಿ ಗಂಡನ ಮನೆ. ವಾಂತಿ ನಿಲ್ಲುವ ತನಕ ಇಲ್ಲಿಗೆ ಬಂದಿದ್ದಾಳೆ. ದೇವದುರ್ಗದ ಹಾಸ್ಟೆಲಿನಲ್ಲಿ ಕನ್ನಡದಲ್ಲಿ ಪಿಯುಸಿ ಓದಿದ್ದಾಳೆ. ನಾನು ಬೈದದ್ದನ್ನೆಲ್ಲ ಪುಸ್ತಕದ ಭಾಷೆಗೆ ತಿದ್ದುತ್ತಾಳೆ, ಆದ್ದರಿಂದ ನಿಮಗೆ ಅರ್ಧ ಬೈಗುಳವೇ ತಲುಪುತ್ತದೆ.

ಕಳವಿನ ಮಾಲು ಎಂದು ಬರೆದು ಗಾಜಿನೊಳಗೆ ಇಡುತ್ತೀರಾ? ಅದರ ಪಕ್ಕದಲ್ಲಿ ನನ್ನ ಮಾತು ಬೇರೆ ಬೇಕೇ? ಜನ ಟಿಕೆಟು ತೆಗೆದುಕೊಂಡು ಬಂದು ಕಳ್ಳಿ ಏನು ಹೇಳುತ್ತಾಳೆಂದು ಕೇಳಲಿ ಎಂದೇ?

ಆ ಡಾಬು ಏನೆಂದು ನಿಮಗೆ ಗೊತ್ತಿದೆ. ದಾನೇಶ್ವರಿಗೂ ಗೊತ್ತಾಗಲಿ ಎಂದು ಇನ್ನೊಮ್ಮೆ ಹೇಳುತ್ತೇನೆ. ನಮ್ಮ ಗುಡಿಸಲುಗಳ ಸಾಲಿನಲ್ಲಿ ಗಂಗವ್ವ ಹಿರಿಯಳು. ಅವಳಿಗೆ ಮಕ್ಕಳಿರಲಿಲ್ಲ. ತವರಿನಿಂದ ತಂದ ಡಾಬನ್ನು ಸಾಲಿನ ಹೆಂಗಸರಿಗೆ ಬಿಟ್ಟುಕೊಟ್ಟಳು. ಯಾರಿಗೆ ಏಳನೇ ತಿಂಗಳ ಕುಬುಸ ಮಾಡುತ್ತಾರೋ ಅವರು ಹಸಿರು ಸೀರೆಯ ಮೇಲೆ ಅದನ್ನು ಕಟ್ಟಬೇಕು. ಮುಂದಿನವಳಿಗೆ ಕುಬುಸ ಬರುವ ತನಕ ಅದು ಅವಳದು. ಮಾರುವಂತಿಲ್ಲ, ಒತ್ತೆ ಇಡುವಂತಿಲ್ಲ. ಕೂಸು ಹುಟ್ಟುವ ಮೊದಲು ಆ ಡಾಬು ಕಟ್ಟಿದವಳೆಂದರೆ ಸಾಲಿನಲ್ಲಿ ಒಂದು ಗತ್ತು.

ನನ್ನ ಕುಬುಸದ ದಿನ ಬೇಗಂ ಬಜಾರಿನಿಂದ ತಂದ ಬಳೆ ತೊಟ್ಟು ಕುಳಿತಿದ್ದೆ. ಪೊಲೀಸರು ಬಂದರು. ನಿಮ್ಮ ಮನೆಯಲ್ಲಿ ಡಾಬು ಕಳುವಾಗಿದೆಯಂತೆ. ಮಣ್ಣು ಹೊರುವ ಹೆಂಗಸಿನ ಸೊಂಟಕ್ಕೆ ಬೆಳ್ಳಿ ಎಲ್ಲಿಂದ ಬಂತು ಎಂದರು. ಆರತಿ ತಟ್ಟೆ ಹಿಡಿದ ಹೆಂಗಸರ ಎದುರು ಸೊಂಟದಿಂದ ಬಿಚ್ಚಿಸಿಕೊಂಡರು. ಹೊಟ್ಟೆಯಲ್ಲಿ ಹುಲಗೇಶ ಇದ್ದ. ಹನ್ನೊಂದು ದಿನ ಜೈಲಿನಲ್ಲಿದ್ದೆ.

ಕೋರ್ಟಿನಲ್ಲಿ ನಮ್ಮವರು ಆರು ಮಂದಿ ಸಾಕ್ಷಿ ಹೇಳಲು ಬಂದರು. ಸರ್ಕಾರಿ ವಕೀಲ ಡಾಬು ಎತ್ತಿ ಹಿಡಿದು ಇದು ಯಾರದು ಎಂದು ಒಬ್ಬೊಬ್ಬರನ್ನೇ ಕೇಳಿದ. ಒಬ್ಬೊಬ್ಬರೂ “ನಂದರಿ” ಅಂದರು. ಕಟ್ಟಿದವರೆಲ್ಲರದೂ ಹೌದಲ್ಲ, ಮತ್ತೇನು ಹೇಳಬೇಕಿತ್ತು? ಸುಳ್ಳು ಹೇಳಲು ಬಂದಿದ್ದರೆ ಮೊದಲೇ ಕೂತು ಒಬ್ಬಳ ಹೆಸರು ಗೊತ್ತುಮಾಡಿಕೊಂಡು ಬರುತ್ತಿದ್ದೆವು. ಜಡ್ಜ್ ಸಾಹೇಬರು ಪೆನ್ನು ಕೆಳಗಿಟ್ಟು, ಒಂದು ಡಾಬಿಗೆ ಆರು ಒಡತಿಯರೇ ಎಂದು ಕೇಳಿದರು. ಗಂಗವ್ವ, “ಹೌದ್ರಿ ಸಾಹೇಬ್ರ, ಇನ್ನೂ ಹುಟ್ಟೋರು ಅದಾರ್ರಿ” ಅಂದಳು. ಕೋರ್ಟೆಲ್ಲ ನಕ್ಕಿತು.

ಸಾಕ್ಷಿಗಳ ಮಾತು ಒಂದಕ್ಕೊಂದು ಹೊಂದುವುದಿಲ್ಲ ಎಂದು ಬರೆದರು. ನಿಮ್ಮಪ್ಪನ ಬಳಿಯೂ ರಸೀದಿ ಇರಲಿಲ್ಲ. ಕಡೆಗೆ ಸಂಶಯದ ಲಾಭ ಕೊಟ್ಟು ನನ್ನನ್ನು ಬಿಟ್ಟರು. ಡಾಬು ಯಾರದೆಂದು ಸಾಬೀತಾಗಲಿಲ್ಲ ಎಂದು ಅದನ್ನು ಇಟ್ಟುಕೊಂಡರು. ಆ ಲಾಭ ಎಂಥದೆಂದು ನಲವತ್ತೊಂದು ವರ್ಷ ಅನುಭವಿಸಿದ್ದೇನೆ. ನಮ್ಮ ಸಾಲಿಗೆ ಮೇಸ್ತ್ರಿಗಳೆಲ್ಲ ‘ಕಳ್ಳರ ಸಾಲು’ ಎಂದೇ ಹೆಸರಿಟ್ಟರು.

ಕಾರ್ತಿಕದಲ್ಲಿ ದಾನೇಶ್ವರಿಯ ಕುಬುಸ. ಅಷ್ಟರೊಳಗೆ ಡಾಬು ನಮಗೆ ಬರಬೇಕು. ಬೇರೇನೂ ಬೇಡ.

ಇನ್ನೆರಡು ಮಾತು. ಡಾಬು ಕಟ್ಟುತ್ತೇನೆಂದು ನಾನು ಹೇಳಿದ್ದು ನಿಮ್ಮೊಬ್ಬರಿಗೇ, ಮರಳು ಜರಡಿ ಹಿಡಿಯುವಾಗ ಮಜ್ಜಿಗೆ ತಂದುಕೊಟ್ಟಿರಲ್ಲ, ಆಗ. ಎರಡನೆಯದು: ನಿಮ್ಮ ಮನೆಯ ಡಾಬು ಆಮೇಲೆ ಸಿಕ್ಕಿತೇ?

ಹಂಪಮ್ಮ


ಕಾಚಿಗುಡ
25 ಜುಲೈ 2024

ಹಂಪಮ್ಮನವರಿಗೆ ನಮಸ್ಕಾರ.

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಕಾಗದ ಓದಿದ ದಿನವೇ ಫಲಕ ತೆಗೆಸಿದೆ. ‘ವಿವಾದಿತ ಮಾಲು’ ಎಂದು ತಿದ್ದಿಸಿದ್ದೇನೆ.

ಡಾಬು ಹಿಂತಿರುಗಿಸುವ ಬಗ್ಗೆ ಇಲ್ಲಿನ ಅಧಿಕಾರಿ ಸೀತಾರಾಮ ಅವರನ್ನು ಕೇಳಿದೆ. ಕೆಟ್ಟವರಲ್ಲ, ಆದರೆ ನಿಯಮ ಬಿಟ್ಟು ಉಸಿರೂ ಆಡುವವರಲ್ಲ. ಯಾರೂ ಕೇಳದೆ ಉಳಿದ ಮುದ್ದೆಮಾಲು ಸರ್ಕಾರದ್ದಾಗುತ್ತದಂತೆ. ಅದು ನಿಮ್ಮದೆನ್ನಲು ಹೊಸ ಪುರಾವೆ ಬೇಕಂತೆ. ಮ್ಯೂಸಿಯಮ್ಮಿಗೆ ದೊಡ್ಡ ಮಟ್ಟದಲ್ಲಿ ನೆರವಾದವರಲ್ಲಿ ನನ್ನ ಅಣ್ಣ ಹಣಮಂತರಾಯನೂ ಇದ್ದಾನೆ. ಅಲ್ಲಿ ನಮ್ಮ ತಂದೆಯ ಭಾವಚಿತ್ರವನ್ನೂ ಹಾಕುತ್ತಾರೆ. ಅಣ್ಣನ ಮಾತು ನಡೆಯುತ್ತದೆ, ಆದರೆ ಇಂಥ ವಿಷಯದಲ್ಲಿ ಅವನನ್ನು ಹೇಗೆ ಕೇಳಬೇಕೋ ತಿಳಿಯದಾಗಿದೆ.

ಉದ್ಘಾಟನೆಗೆ ನೀವು ಬರಬೇಕು. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸುತ್ತೇನೆ. ದಾನೇಶ್ವರಿಗೆ ಶುಂಠಿ ಕಷಾಯ ಮಾಡಿ ಕೊಡಿ, ವಾಂತಿ ಕಡಿಮೆಯಾಗುತ್ತದೆ.

ಇತಿ,
ಕುಮುದಾ


ನಾಚಾರಂ
4 ಆಗಸ್ಟ್ 2024

ಕುಮುದಾಬಾಯಿಯವರಿಗೆ,

ಶುಂಠಿ ಕಷಾಯದ ತನಕ ಎಲ್ಲಕ್ಕೂ ಉತ್ತರ ಬರೆದಿದ್ದೀರಿ. ನಾನು ಕೇಳಿದ್ದೊಂದಕ್ಕೆ ಬರೆದಿಲ್ಲ.

ನಿಮ್ಮ ಮನೆಯ ಡಾಬು ಸಿಕ್ಕಿತೇ?

ಹಂಪಮ್ಮ

ಅಮ್ಮಾ, ಇದು ದಾನೇಶ್ವರಿ ಬರೆಯುತ್ತಿರುವುದು. ಅಜ್ಜಿ ಈ ಕಾಗದವನ್ನು ಮೂರು ಸಲ ಹರಿಸಿ ಬರೆಸಿದಳು. ಮೊದಲನೆಯದು ನಾಲ್ಕು ಪುಟ ಇತ್ತು. ಅವಳಿಗೆ ಉತ್ತರ ಗೊತ್ತಿದೆ ಅಂತ ನನಗೆ ಅನಿಸುತ್ತದೆ. ನಿಮ್ಮಿಂದ ಕೇಳಬೇಕು ಅಷ್ಟೇ.


ಕಾಚಿಗುಡ
19 ಸೆಪ್ಟೆಂಬರ್ 2024

ಹಂಪಮ್ಮನವರಿಗೆ,

ಸಿಕ್ಕಿತು.

ಇಷ್ಟು ಬರೆಯಲು ಆರು ವಾರ ಬೇಕಾಯಿತು. ಉಳಿದದ್ದನ್ನೂ ಬರೆಯುತ್ತೇನೆ.

ಮನೆಯಲ್ಲಿ ಕೆಲಸದವರು ಓಡಾಡುತ್ತಾರೆಂದು ನಮ್ಮ ತಾಯಿ ಡಾಬನ್ನು ಹುಣಸೆಹಣ್ಣಿನ ಗಡಿಗೆಯಲ್ಲಿ ಹುಗಿದಿಟ್ಟು ಮರೆತಿದ್ದರು. ಅದು ಕಾಣುತ್ತಿಲ್ಲ ಎಂದು ಗಲಾಟೆಯಾದಾಗ, ಕೆಲಸದ ಹಂಪಿಯ ಹತ್ತಿರ ಒಂದು ಡಾಬು ಇದೆಯಂತೆ, ಕುಬುಸಕ್ಕೆ ಕಟ್ಟುತ್ತಾಳಂತೆ ಎಂದು ಊಟಕ್ಕೆ ಕುಳಿತಾಗ ಹೇಳಿದವಳು ನಾನು. ನಿಮ್ಮ ಮೇಲೆ ಅನುಮಾನಪಟ್ಟು ಹೇಳಲಿಲ್ಲ. ನನ್ನನ್ನು ಕುಬುಸಕ್ಕೆ ಕರೆದಿದ್ದಿರಿ, ಆ ಖುಷಿಯಲ್ಲಿ ಹೇಳಿದೆ. ಅಪ್ಪ ಊಟದ ನಡುವೆಯೇ ಎದ್ದು ಠಾಣೆಗೆ ಹೋದರು.

ನೀವು ಜಾಮೀನಿನ ಮೇಲೆ ಬಿಡುಗಡೆಯಾಗಿ ಮೂರು ವಾರವಾಗಿತ್ತು. ಸಾರಿಗೆ ಹುಣಸೆ ಬೇಕೆಂದು ಅಮ್ಮ ಗಡಿಗೆಯ ತಳದ ತನಕ ಕೈ ಹಾಕಿದರು. ಡಾಬು ಹುಣಸೆಯಲ್ಲಿ ನೆನೆದು ಹೊಸದರಂತೆ ಹೊಳೆಯುತ್ತ ಹೊರಬಂತು. ನಾನು ಅಲ್ಲೇ ಈಳಿಗೆಮಣೆಯ ಮುಂದೆ ಕುಳಿತಿದ್ದೆ. ಅಪ್ಪ ಬಾಗಿಲು ಹಾಕಿಸಿ ಹೇಳಿದರು, “ಈಗ ಕೇಸು ವಾಪಸ್ ತಗೊಂಡ್ರ ಸುಳ್ಳು ದೂರು ಕೊಟ್ಟಾಂವ ಅಂತ ನನ್ನ ವಕೀಲಿ ಸನದ ಹೋಗ್ತದ. ಆಕಿ ಹೆಂಗೂ ಖುಲಾಸೆ ಆಗ್ತಾಳ. ಯಾರೂ ಬಾಯಿ ಬಿಡಬ್ಯಾಡ್ರಿ.” ಆಮೇಲೆ ಅವರು ಕೋರ್ಟಿನಲ್ಲಿ ಪ್ರಮಾಣ ಮಾಡಿ, ನಿಮ್ಮ ಡಾಬನ್ನು ಕೈಯಲ್ಲಿ ಹಿಡಿದು ಇದು ನಮ್ಮದೇ ಎಂದರು. ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ನೀವು ಒಮ್ಮೆ ತಿರುಗಿ ನನ್ನನ್ನು ನೋಡಿದಿರಿ. ನನಗೆ ಹದಿನೆಂಟು ತುಂಬಿತ್ತು, ಚಿಕ್ಕವಳಾಗಿದ್ದೆ ಎಂದು ಹೇಳಲಾರೆ.

ಗಡಿಗೆಯಲ್ಲಿ ಸಿಕ್ಕ ಡಾಬನ್ನು ನನ್ನ ಮದುವೆಯಲ್ಲಿ ನನಗೆ ಹಾಕಿದರು. ಈಗಲೂ ನನ್ನ ಬೀರುವಿನಲ್ಲಿದೆ. ಅದನ್ನು ದಾನೇಶ್ವರಿಗೆ ಕೊಡುತ್ತೇನೆ. ನಿಮ್ಮದಕ್ಕಿಂತ ತೂಕವಾಗಿಯೇ ಇದೆ. ಅದನ್ನು ಕಟ್ಟಿ ಕುಬುಸ ಮಾಡಿ. ಇಷ್ಟಾದರೂ ನನ್ನಿಂದ ಸ್ವೀಕರಿಸಿ.

ಕುಮುದಾ


ನಾಚಾರಂ
26 ಸೆಪ್ಟೆಂಬರ್ 2024

ಕುಮುದಾಬಾಯಿಯವರಿಗೆ,

ಸಿಕ್ಕಿರಬೇಕೆಂದು ನನಗೆ ಆಗಲೇ ಅನಿಸಿತ್ತು. ಖುಲಾಸೆಯಾದ ಮೇಲೆ ನಿಮ್ಮ ಅಮ್ಮ ಬೀದಿಯಲ್ಲಿ ನನ್ನನ್ನು ಕಂಡು ಸೆರಗಿನಿಂದ ಮುಖ ಮುಚ್ಚಿಕೊಂಡರು. ಕಳ್ಳಿಯನ್ನು ಕಂಡವರು ಬೈಯುತ್ತಾರೆ, ಮುಖ ಮುಚ್ಚಿಕೊಳ್ಳುವುದಿಲ್ಲ.

ನಿಮ್ಮ ಡಾಬು ನಮಗೆ ಬೇಡ. ನಮಗೆ ಬೆಳ್ಳಿಯ ಕೊರತೆ ಎಂದುಕೊಂಡಿರಾ? ಹುಲಗೇಶ ಮಗಳ ಮದುವೆಗೆ ಕಾಲುಗೆಜ್ಜೆ, ತೋಳಬಂದಿ ಎಲ್ಲ ಮಾಡಿಸಿದ್ದಾನೆ. ತೂಕದ ಮಾತು ಇನ್ನೊಮ್ಮೆ ಬರೆಯಬೇಡಿ. ನನ್ನ ಸೊಂಟದಿಂದ ಬಿಚ್ಚಿಸಿಕೊಂಡ ಡಾಬು ನನ್ನ ಮೊಮ್ಮಗಳ ಸೊಂಟಕ್ಕೆ ಬರಬೇಕು. ಅದರ ಬದಲಿಗೆ ಬಂಗಾರದ್ದು ಕೊಟ್ಟರೂ ವಾಪಸ್ ಕಳಿಸುತ್ತೇನೆ.

ಸೀತಾರಾಮ ಎನ್ನುವವರು ಹೊಸ ಪುರಾವೆ ಕೇಳಿದ್ದಾರೆಂದು ನೀವೇ ಬರೆದಿದ್ದೀರಿ. ಪುರಾವೆ ನಿಮ್ಮ ಬೀರುವಿನಲ್ಲಿದೆ. ನನಗೆ ಬರೆದದ್ದನ್ನೇ ಸ್ಟಾಂಪು ಕಾಗದದ ಮೇಲೆ ಬರೆದು, ಅಪ್ಪನ ಹೆಸರು ಹಾಕಿ, ನಿಮ್ಮ ಹೆಸರು ಹಾಕಿ, ಅಲ್ಲಿ ಕೊಡಿ. ನನ್ನ ಮುಂದೆ ಅತ್ತರೆ ಏನು ಬಂತು? ಅಣ್ಣನ ಮುಂದೆ ಓದಿ ಹೇಳಿ.

ನನ್ನನ್ನು ಹಂಪಮ್ಮನವರೇ ಎಂದು ಕರೆಯುತ್ತೀರಿ. ಆ ಮರ್ಯಾದೆ ಕಚೇರಿಯ ಕಾಗದದಲ್ಲಿಯೂ ಕಾಣಲಿ.

ಹಂಪಮ್ಮ


ಕಾಚಿಗುಡ
17 ಅಕ್ಟೋಬರ್ 2024

ಹಂಪಮ್ಮನವರಿಗೆ,

ಕೊಟ್ಟೆ. ನೋಟರಿಯ ಮುಂದೆ ರುಜು ಮಾಡಿ ಮೂರು ಪ್ರತಿ ಕೊಟ್ಟೆ. ನಕಲು ಇದರೊಂದಿಗಿದೆ, ದಾನೇಶ್ವರಿ ಓದಿ ಹೇಳಲಿ.

ಅಣ್ಣನಿಗೆ ಅವನ ಮನೆಗೆ ಹೋಗಿ ಓದಿದೆ. ಅತ್ತಿಗೆ ಶ್ರೀಲಕ್ಷ್ಮಿ ಟಿವಿ ಆರಿಸಿ ಬಂದು ಕುಳಿತರು. ಕೊನೆಯ ತನಕ ಕೇಳಿ ಅಣ್ಣ ಹೇಳಿದ್ದು ಇಷ್ಟೇ: “ಸತ್ತ ಅಪ್ಪನ್ನ ಕಟಕಟೆಗೆ ಹತ್ತಸ್ತೀಯೇನು? ನಾಚಿಕಿ ಆಗಂಗಿಲ್ಲ ನಿನಗ?” ನಾನು, “ಆಗ್ಲಿಕ್ಕತ್ತದ, ಅದಕ್ಕ ಬರದೀನಿ” ಅಂದೆ. ಇನ್ನು ತನ್ನ ಮನೆಗೆ ಬರಬೇಡ ಎಂದ. ಅತ್ತಿಗೆ ಬಾಗಿಲ ತನಕ ಬಂದು ನನ್ನ ಕೈ ಹಿಡಿದರು.

ಆದರೆ ನಿಮಗೆ ಸಂತೋಷದ ಸುದ್ದಿ ಕೊಡಲಾರೆ. ಕಾಗದ ಸರಿಯಾಗಿದೆ, ಇನ್ನು ಜಿಲ್ಲಾ ಕೋರ್ಟಿನ ಆದೇಶ ಬರಬೇಕು ಎಂದು ಸೀತಾರಾಮ ಹೇಳಿದರು. ಎಂಟು ತಿಂಗಳಾದರೂ ಆಗಬಹುದಂತೆ. ನವೆಂಬರ್ ಹತ್ತರಂದು ಉದ್ಘಾಟನೆ. ಅಂದು ಡಾಬು ಗಾಜಿನೊಳಗೇ ಇರುತ್ತದೆ. ನಾನು ಹೇಳಬೇಕಾದ್ದನ್ನೆಲ್ಲ ಹೇಳಿದ್ದೇನೆ, ಆದರೂ ಡಾಬು ನಿಮ್ಮ ಕೈಗೆ ಬರಲಿಲ್ಲ.

ಕುಮುದಾ


ನಾಚಾರಂ
24 ಅಕ್ಟೋಬರ್ 2024

ಕುಮುದಾಬಾಯಿಯವರಿಗೆ,

ನಕಲನ್ನು ನಮ್ಮ ಸಾಲಿನಲ್ಲಿ ಜೋರಾಗಿ ಓದಿಸಿದೆ. ಗಂಗವ್ವ ಇರಬೇಕಿತ್ತು.

ಎಂಟು ತಿಂಗಳಿಗೆ ದಾನೇಶ್ವರಿಯ ಕೂಸು ಹುಟ್ಟಿ ಬೋರಲು ಬೀಳುತ್ತಿರುತ್ತದೆ. ಕೂಸು ಕೋರ್ಟಿನ ಆದೇಶಕ್ಕೆ ಕಾಯುವುದಿಲ್ಲ. ನವೆಂಬರ್ ಹತ್ತು ಭಾನುವಾರ, ದಿನ ಚೆನ್ನಾಗಿದೆ. ಕುಬುಸವನ್ನು ಅಲ್ಲೇ ಮಾಡುತ್ತೇವೆ. ಡಾಬು ನಮ್ಮ ಮನೆಗೆ ಬರದಿದ್ದರೆ ಅದು ಇರುವ ಕಡೆ ನಾವೇ ಬರುತ್ತೇವೆ. ಗಾಜಿನ ಎದುರಿಗೆ ದಾನೇಶ್ವರಿಯನ್ನು ಕೂಡಿಸಿ ಆರತಿ ಮಾಡುತ್ತೇವೆ. ಕಟ್ಟಲು ಬಿಡದಿದ್ದರೆ ಊರವರೆಲ್ಲ ನೋಡಲಿ.

ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಹಾಕಿಸುತ್ತೇನೆ ಎಂದಿದ್ದಿರಿ. ನಾವು ಮೂವತ್ತು ಮಂದಿ ಬರುತ್ತೇವೆ.

ಹಂಪಮ್ಮ


ಕಾಚಿಗುಡ
22 ನವೆಂಬರ್ 2024

ಹಂಪಮ್ಮನವರಿಗೆ,

ಉದ್ಘಾಟನೆಯ ದಿನ ನೀವು ನನ್ನ ಕಡೆ ನೋಡಲಿಲ್ಲ, ಮಾತಾಡಲಿಲ್ಲ. ಮಾತಾಡಲಿ ಎಂದು ನಾನು ಕಾಯಲೂ ಇಲ್ಲ. ಆದರೆ ಈಗ ಕೇಳುತ್ತೇನೆ, ಬಾಯಿಬಿಟ್ಟು ಕೇಳುತ್ತೇನೆ: ನನ್ನನ್ನು ಕ್ಷಮಿಸುತ್ತೀರಾ?

ಸೀತಾರಾಮ ಅವರು ನನಗೆ ನೋಟಿಸು ಕೊಟ್ಟಿದ್ದಾರೆ. ಅದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಬರೆದಿದ್ದೇನೆ, ಸೋಮವಾರ ಡಿಸೆಂಬರ್ ಎರಡರಂದು ಕೊಡಬೇಕು. ನಿಮಗೂ ತಿಳಿದಿರಲಿ ಎಂದು ಅದನ್ನೇ ಕನ್ನಡದಲ್ಲಿ ಬರೆದು ಕಳಿಸುತ್ತಿದ್ದೇನೆ.

‘ಮಾನ್ಯರೇ, ಮುದ್ದೆಮಾಲು ಹದಿನೇಳನ್ನು ಅನುಮತಿಯಿಲ್ಲದೆ ತೆಗೆದದ್ದೇಕೆಂದು ಕೇಳಿದ್ದೀರಿ. ನಡೆದದ್ದು ಹೀಗೆ. ಉದ್ಘಾಟನೆಯ ದಿನ ಹನ್ನೊಂದು ಗಂಟೆಗೆ ನಾಚಾರಂನಿಂದ ಮೂವತ್ತು ಹೆಂಗಸರು ಬಂದರು. ಒಳಗೆ ತಿಂಡಿ ತರಬಾರದೆಂದು ಕಾವಲುಗಾರ ತಡೆದದ್ದಕ್ಕೆ ರೊಟ್ಟಿಯ ಬುಟ್ಟಿಗಳನ್ನು ಜಗಲಿಯ ಮೇಲೆ ಇಟ್ಟರು. ಹಸಿರು ಸೀರೆ ಉಟ್ಟ ಬಸುರಿ ದಾನೇಶ್ವರಿಯನ್ನು ಗಾಜಿನ ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿ ಕೂಡಿಸಿದರು. ಇಲ್ಲಿ ಇಂಥದ್ದೆಲ್ಲ ಮಾಡುವಂತಿಲ್ಲ ಎಂದು ತಾವು ಹೇಳಿದಿರಿ. ಹಂಪಮ್ಮನವರು ಕನ್ನಡದಲ್ಲಿ ಏನೋ ಉತ್ತರ ಕೊಟ್ಟರು. ಏನೆಂದರು ಎಂದು ತಾವು ನನ್ನನ್ನು ಕೇಳಿದಿರಿ, ನಾನು ಆಗ ಅನುವಾದಿಸಲಿಲ್ಲ. ಈಗ ಮಾಡುತ್ತೇನೆ. “ನಲವತ್ತೊಂದು ವರ್ಷ ನಮ್ಮ ಡಾಬು ಇಲ್ಲಿ ಕುಂತೈತಿ. ನಾವು ಒಂದು ತಾಸು ಕುಂದ್ರಾಕ ಬ್ಯಾಡೇನ್ರಿ?” ಎಂದರು.

‘ಆ ಕೋಣೆಯ ಪೆಟ್ಟಿಗೆಗಳ ಬೀಗದ ಕೈ ನನ್ನ ವಶದಲ್ಲಿತ್ತು. ನನ್ನ ಅಣ್ಣನೂ ಅತಿಥಿಗಳೂ ನೋಡುತ್ತಿದ್ದಾಗಲೇ ಬೀಗ ತೆಗೆದು ಡಾಬನ್ನು ಹಂಪಮ್ಮನವರ ಕೈಗೆ ಕೊಟ್ಟೆ. ಅವರ ಸೊಸೆ ಅದನ್ನು ದಾನೇಶ್ವರಿಗೆ ಕಟ್ಟಿದರು. ಕೊಂಡಿ ಬಿಗಿಯಾಗಿತ್ತು, ಮೂರು ಜನ ಸೇರಿ ಹಾಕಬೇಕಾಯಿತು. ಅದನ್ನು ಒಯ್ಯುವಾಗ ಯಾರೂ ತಡೆಯಲಿಲ್ಲ. ತಾವೂ ತಡೆಯಲಿಲ್ಲ.

‘ಪೆಟ್ಟಿಗೆ ಖಾಲಿಯಿಲ್ಲ. ನನ್ನ ತಂದೆ ಕಳುವಾಗಿದೆ ಎಂದು ದೂರು ಕೊಟ್ಟ ಡಾಬನ್ನು ನಾನು ಅದರಲ್ಲಿ ಇಟ್ಟಿದ್ದೇನೆ. ಫಲಕವನ್ನೂ ಬರೆದಿದ್ದೇನೆ: “ಇದು ಎಂದೂ ಕಳುವಾಗಿರಲಿಲ್ಲ. ವಕೀಲ ಮಲ್ಲಿಕಾರ್ಜುನರಾಯರ ಮನೆಯಲ್ಲಿ ಹುಣಸೆಯ ಗಡಿಗೆಯಲ್ಲಿತ್ತು. ಇದಕ್ಕಾಗಿ ಹಂಪಮ್ಮ ಎಂಬ ನಿರಪರಾಧಿ ಹನ್ನೊಂದು ದಿನ ಜೈಲಿನಲ್ಲಿದ್ದರು.” ಊರಿನ ಚರಿತ್ರೆಯ ಮ್ಯೂಸಿಯಮ್ಮಿನಲ್ಲಿ ಇರಬೇಕಾದ ಡಾಬು ಇದೇ. ಇದನ್ನು ತೆಗೆಯುವುದಾದರೆ ನನ್ನ ತಂದೆಯ ಭಾವಚಿತ್ರವನ್ನೂ ತೆಗೆಯಿರಿ. ಪೊಲೀಸರಿಗೆ ದೂರು ಕೊಡುವುದಾದರೆ ಕೊಡಿ. ಇದನ್ನೆಲ್ಲ ನಾನೊಬ್ಬಳೇ ಮಾಡಿದ್ದೇನೆ. ಬೇರೆ ಯಾರಿಗೂ ಇದರಲ್ಲಿ ಪಾಲಿಲ್ಲ.’

ಇತಿ,
ಕುಮುದಾ


ನಾಚಾರಂ
28 ನವೆಂಬರ್ 2024

ಕುಮುದಾಬಾಯಿಯವರಿಗೆ,

ನಿಮ್ಮ ಉತ್ತರವನ್ನು ದಾನೇಶ್ವರಿ ಎರಡು ಸಲ ಓದಿದಳು. ಬರವಣಿಗೆ ಗಟ್ಟಿಯಾಗಿದೆ. ಆದರೆ ಕೊನೆಯಲ್ಲಿ ಸುಳ್ಳು ಬರೆದಿದ್ದೀರಿ. ನೀವೊಬ್ಬರೇ ಹೇಗೆ? ನೀವು ತೆಗೆದುಕೊಟ್ಟಿರಿ, ನಾನು ಎರಡೂ ಕೈ ಒಡ್ಡಿ ಇಸಿದುಕೊಂಡೆ, ಕೊಂಡಿ ಹಾಕಿದವರು ಮೂವರು, ಆರತಿ ಎತ್ತಿದವರು ಉಳಿದವರು. ಮಾಡಿದ್ದನ್ನು ಮಾಡಿಲ್ಲ ಎಂದು ನಮ್ಮ ಪರವಾಗಿ ಬರೆಯಲು ನಿಮಗೆ ಯಾರು ಹೇಳಿದರು?

ನಿನ್ನೆ ಮ್ಯೂಸಿಯಮ್ಮಿನ ಆಫೀಸಿನಿಂದ ಇಬ್ಬರು ಬಂದಿದ್ದರು. ಡಾಬು ಎಲ್ಲಿದೆ ಎಂದರು. ಮಿಯಾಪುರದಲ್ಲಿ ನನ್ನ ಮೊಮ್ಮಗಳ ಹತ್ತಿರ ಇದೆ, ಪುಷ್ಯದಲ್ಲಿ ನಮ್ಮ ಸಾಲಿನ ಯಂಕಮ್ಮನ ಸೊಸೆಗೆ ಕುಬುಸ, ಆಗ ಇಲ್ಲಿಗೆ ಬರುತ್ತದೆ ಎಂದೆ. ವಾಪಸ್ ಕೊಡುತ್ತೀರಾ ಎಂದರು. ಕೊಡುವುದಿಲ್ಲ ಎಂದೆ. ಬರೆದುಕೊಂಡು ಹೋದರು.

ಕ್ಷಮಿಸುತ್ತೀರಾ ಎಂದು ಕೇಳಿದ್ದೀರಿ. ನನ್ನಲ್ಲಿ ಅದು ಇಲ್ಲ. ಹುಡುಕಿ ನೋಡಿದೆ, ಸಿಗಲಿಲ್ಲ. ಸುಳ್ಳು ಹೇಳಿ ನಿಮ್ಮನ್ನು ಸಮಾಧಾನ ಮಾಡಲಾರೆ. ಆದರೆ ಕಟಕಟೆಯಲ್ಲಿ ಒಬ್ಬಳೇ ನಿಂತು ಹಿಂದಿನ ಬೆಂಚಿನ ಕಡೆ ತಿರುಗಿ ನೋಡುವುದೆಂದರೆ ಹೇಗಿರುತ್ತದೆಂದು ನನಗೆ ಗೊತ್ತು. ನಿಮ್ಮನ್ನು ಹಾಗೆ ನಿಲ್ಲಲು ಬಿಡುವುದಿಲ್ಲ.

ನಿಮ್ಮ ಉತ್ತರ ಕೊಡಬೇಡಿ. ಬೇರೆ ಬರೆದಿದ್ದೇವೆ. ಈ ಕಾಗದವನ್ನು ಹುಲಗೇಶನ ಕೈಯಲ್ಲೇ ಕಳಿಸುತ್ತಿದ್ದೇನೆ. ಕೆಳಗಿನದನ್ನು ಬೇರೆ ಹಾಳೆಯಲ್ಲಿ ಇಂಗ್ಲಿಷಿಗೆ ಮಾಡಿಕೊಳ್ಳಿ, ಕನ್ನಡದ್ದನ್ನೂ ಜೊತೆಗಿಡಿ. ನಮ್ಮ ರುಜು ಕನ್ನಡದ್ದರ ಮೇಲಿದೆ.

‘ಡಾಬು ನಮ್ಮದು. ನಾವೆಲ್ಲ ಸೇರಿ ಒಯ್ದಿದ್ದೇವೆ. ತಿರುಗಿ ಕೊಡುವುದಿಲ್ಲ. ಕೇಸು ಹಾಕಿದರೆ ದಿನ ತಿಳಿಸಿ, ಎಲ್ಲರೂ ಬರುತ್ತೇವೆ.’

ಹಂಪಮ್ಮ
ದಾನೇಶ್ವರಿ
ಯಂಕಮ್ಮ
ಈರಮ್ಮ
ಹುಲಿಗೆಮ್ಮ
ನಾಗಮ್ಮ
(ಉಳಿದವರದು ಹಿಂದಿನ ಪುಟದಲ್ಲಿದೆ. ನಾಗಮ್ಮನ ಕೆಳಗೆ ಜಾಗ ಬಿಟ್ಟಿದ್ದೇವೆ, ನಿಮ್ಮ ರುಜು ಅಲ್ಲಿ ಹಾಕಿ.)